ಅಡಿಗೆಮನೆಗೆ ಫುಡ್ ಪ್ರೊಸೆಸರ್ ಬೇಕೆ?

ಅಡಿಕೆ ಮಾರಾಟವಾಗಿ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ, ಸಂಘದ ಕಚೇರಿಯಲ್ಲಿ ಗೊಬ್ಬರ, ಬೋರ್ಡೋ ದ್ರಾವಣಗಳ ಮಾತಿನ ಜೊತೆಗೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ. "ಮನೆಯವರು ಫುಡ್ ಪ್ರೊಸೆಸರ್ ತರೋಣ ಅಂತಾರೆ, ತಂದರೆ ಹೆಂಗ್ರೀ?" ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಸದಸ್ಯ ಬಾಂಧವರಲ್ಲಿ ಹಲವರು ಇದನ್ನು ಕೇಳಿರುವುದರಿಂದ ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೇನೆ.

ಒಂದೇ ಮೋಟಾರಿನ ಮೇಲೆ ಮಿಕ್ಸರಿನ ಜಾರುಗಳನ್ನೂ ಒಂದು ಅಗಲವಾದ ಬೋಗುಣಿಯನ್ನೂ ಕೂಡಿಸಬಹುದಾದ ಯಂತ್ರವಿದು. ಬೋಗುಣಿಯಲ್ಲಿ ತರಕಾರಿ ಹೆಚ್ಚುವ ಹಾಗೂ ತುರಿಯುವ ತಟ್ಟೆಗಳು, ಹಿಟ್ಟು ನಾದುವ ಅಲಗು ಇರುತ್ತವೆ. ಕೆಲವದರಲ್ಲಿ ಕಾಯಿ ತುರಿಯುವ, ರಸ ಹಿಂಡುವ ಸಾಧನಗಳೂ ಉಂಟು. ಫ್ರಾನ್ಸಿನಲ್ಲಿ ಹೋಟೆಲುಗಳಿಗಾಗಿ ಹುಟ್ಟಿದ ಯಂತ್ರವನ್ನು ತಿದ್ದಿ, 1973ರಲ್ಲಿ ಅಮೆರಿಕದಲ್ಲಿ ಕ್ಯುಸಿನಾರ್ಟ್ ಎಂಬ ಹೆಸರಿನಿಂದ ಮನೆಬಳಕೆಗೆ ತಂದರು. ಅಲ್ಲಿಯವರಿಗೆ ಬೇಕಾಗಿದ್ದುದು ಹೆಚ್ಚುವುದು ಮತ್ತು ನಾದುವುದು. ನಮ್ಮ ಹೆಣ್ಣುಮಕ್ಕಳ ರಟ್ಟೆ ಸೋಲುವುದು ಅರೆಯುವುದರಲ್ಲಿ, ರುಬ್ಬುವುದರಲ್ಲಿ. ಮುಂಬಯಿಯ ಎಂಜಿನಿಯರ್ ಸತ್ಯಪ್ರಕಾಶ ಮಾಥೂರ್ ಅವರು 1960ರ ದಶಕದಲ್ಲಿ ಸುಮೀತ್ ಮಿಕ್ಸರನ್ನು ರೂಪಿಸಿದ್ದೂ, ಮನೆಯಲ್ಲಿದ್ದ ವಿದೇಶಿ ಮಿಕ್ಸರು ನಮ್ಮ ಅಡಿಗೆಯ ಅರೆತಕ್ಕೆ ತಾಳಲಿಲ್ಲವೆಂಬ ಕಾರಣಕ್ಕೇ. ಪ್ರೊಸೆಸರ್ ಕೊಳ್ಳುವವರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಬೇಕು.

ಅನುಕೂಲವಿಲ್ಲವೆಂದು ಯಾರೂ ಹೇಳಲಾರರು. ಕೊಯಿಲಿನ ದಿನಗಳಲ್ಲಿ ಮನೆಮಂದಿಯ ಜೊತೆ ಕೊನೆ ಇಳಿಸುವವರು, ಸುಲಿಯುವವರು ಸೇರಿ ಇಪ್ಪತ್ತು ಎಲೆ ಬೀಳುವುದುಂಟು. ಮನೆಯ ಹೆಂಗಸು ಬೆಳಿಗ್ಗೆ ಒಳಕಲ್ಲಿನ ಮುಂದೆ, ಸಂಜೆ ಮೆಟ್ಟುಗತ್ತಿಯ ಮುಂದೆ. ಸುಲಿಯುವವರ ಕೂಲಿಯನ್ನು ನಾವು ಲೆಕ್ಕದ ಪುಸ್ತಕದಲ್ಲಿ ಬರೆಯುತ್ತೇವೆ, ಒಳಕಲ್ಲಿನ ಕೂಲಿಯನ್ನು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಎರಡು ಕಿಲೊ ಉಳ್ಳಾಗಡ್ಡಿ ಹೆಚ್ಚುವುದು, ನಾಲ್ಕು ಕಾಯಿ ತುರಿಯುವುದು, ಎಲೆಕೋಸು ಸಣ್ಣಗೆ ಕೊರೆಯುವುದು ಇವೆಲ್ಲ ಈ ಯಂತ್ರಕ್ಕೆ ಕೆಲವೇ ನಿಮಿಷದ ಕೆಲಸ. ಹೋಳಿಗೆಯ ಹೂರಣ ಜಾರಿನಲ್ಲಿ ಅಲಗಿಗೆ ಅಂಟಿ ಮೋಟಾರನ್ನು ನಿಲ್ಲಿಸಿಬಿಡುತ್ತದೆ. ಬೋಗುಣಿಯಲ್ಲಿ ಅಲಗು ನಿಧಾನವಾಗಿ ತಿರುಗುವುದರಿಂದ ಸ್ವಲ್ಪ ಸ್ವಲ್ಪವೇ ಹಾಕಿದರೆ ಚೆನ್ನಾಗಿ ಆಗುತ್ತದೆ.

ಆದರೆ ನಮ್ಮ ಭಾಗದ ಮುಖ್ಯ ಆಹಾರವಾದ ಜೋಳದ ರೊಟ್ಟಿಗೆ ಇದರಿಂದ ಹೆಚ್ಚಿನ ಸಹಾಯವಿಲ್ಲ. ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ. ಎಸರು ಹಾಕಿ, ಅಂಗೈಯಿಂದ ಒತ್ತಿ ಒತ್ತಿ ನಾದಿದರೇ ಅದು ಹದಕ್ಕೆ ಬರುವುದು. ನಾದುವ ಅಲಗು ಚಪಾತಿಯ ಹಿಟ್ಟಿಗೆ ಸರಿ. ಇನ್ನು ಇಡ್ಲಿ ದೋಸೆಯ ಹಿಟ್ಟು. ಮಿಕ್ಸರಿನ ಅಲಗು ಖಾಲಿಯಿದ್ದಾಗ ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ತಿರುಗುತ್ತದೆ. ಹಿಟ್ಟು ಬಿಸಿಯಾಗುತ್ತದೆ, ಉದ್ದು ಅಷ್ಟಾಗಿ ಉಬ್ಬುವುದಿಲ್ಲ. ಕಲ್ಲಿನ ಗ್ರೈಂಡರು ನಿಧಾನವಾಗಿ ತಿರುಗಿ ಗಾಳಿಯನ್ನು ಒಳಗೆ ಸೇರಿಸುತ್ತದೆ. ವಾರಕ್ಕೆರಡು ಸಲ ಹಿಟ್ಟು ರುಬ್ಬುವ ಮನೆಗೆ ಕೊಯಮತ್ತೂರಿನ ಮಾದರಿಯ ಗ್ರೈಂಡರೇ ಮೊದಲು ಬರಬೇಕಾದ ಯಂತ್ರವೆಂದು ನನ್ನ ಅಭಿಪ್ರಾಯ. ಶೇಂಗಾ, ಗುರೆಳ್ಳು, ಅಗಸಿಯ ಚಟ್ನಿಪುಡಿಗೆ ಸಣ್ಣ ಜಾರು ಸಾಕು. ಆದರೆ ಬಿಟ್ಟು ಬಿಟ್ಟು ತಿರುಗಿಸಬೇಕು, ಇಲ್ಲವಾದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ವರ್ಷದ ಖಾರಪುಡಿಯನ್ನಂತೂ ಗಿರಣಿಗೇ ಕೊಡಿರಿ. ಕಾಫಿ ಬೆಳೆಯುವ ಸದಸ್ಯರು ಹುರಿದ ಬೀಜವನ್ನು ಒಣ ಜಾರಿನಲ್ಲಿ ಪುಡಿ ಮಾಡುವುದುಂಟು. ತುಣುಕು ಒಂದೇ ಸಮ ಬರುವುದಿಲ್ಲ, ಡಿಕಾಕ್ಷನ್ನಿನ ರುಚಿಯೂ ದಿನಕ್ಕೊಂದು ತರಹ.

ಎಲ್ಲಕ್ಕಿಂತ ದೊಡ್ಡ ತೊಡಕು ವಿದ್ಯುತ್ತಿನದು. 230 ವೋಲ್ಟಿಗೆ ಮಾಡಿದ ಮೋಟಾರಿಗೆ 160 ವೋಲ್ಟ್ ಮಾತ್ರ ಸಿಕ್ಕಿದರೆ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೇಳೆಯ ಭಾರಕ್ಕೆ ಅದು ತಿರುಗದೆ ಗುಂಯ್‌ಗುಟ್ಟುತ್ತದೆ. ಆ ಸ್ಥಿತಿಯಲ್ಲಿ ಒಂದೆರಡು ನಿಮಿಷ ಬಿಟ್ಟರೆ ಕಾಯಿಲ್ ಸುಡುತ್ತದೆ. ಪಂಪ್‌ಸೆಟ್ಟು ಸುಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೋಟದ ಮನೆಗೆ ಪಂಪ್‌ಸೆಟ್ಟಿನ ಲೈನಿನಿಂದಲೇ ಕರೆಂಟು ಬರುತ್ತಿದ್ದರೆ, ಕೊಳ್ಳುವ ಮೊದಲು ವಯರ್‌ಮನ್ನನಿಂದ ಮೂರ್ನಾಲ್ಕು ಹೊತ್ತು ವೋಲ್ಟೇಜು ಅಳೆಸಿ ನೋಡಿರಿ. ಸಂಜೆಗೆ ಕಡಿಮೆಯಿದ್ದು ಮಧ್ಯಾಹ್ನ ಸರಿಯಿದ್ದರೆ ಮಧ್ಯಾಹ್ನವೇ ರುಬ್ಬಿಕೊಳ್ಳಬಹುದು. ಯಾವಾಗಲೂ ಕಡಿಮೆಯಿದ್ದರೆ ತಕ್ಕ ಸಾಮರ್ಥ್ಯದ ಸ್ಟೆಬಿಲೈಸರಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು. ಖರ್ಚಾಗುವ ಕರೆಂಟು ಮಾತ್ರ ಅಲ್ಪ. 750 ವ್ಯಾಟಿನ ಯಂತ್ರ ದಿನಕ್ಕೆ ಇಪ್ಪತ್ತು ನಿಮಿಷ ಓಡಿದರೆ ಕಾಲು ಯೂನಿಟ್ಟು.

ಇದರ ಜೊತೆಗೆ ಅರ್ಥಿಂಗನ್ನೂ ಪರೀಕ್ಷಿಸತಕ್ಕದ್ದು. ಲೋಹದ ಮೈಯ ಗ್ರೈಂಡರು, ಒದ್ದೆ ನೆಲ, ಬರಿಗಾಲು, ಅರ್ಥಿಂಗಿಲ್ಲದ ಎರಡು ಪಿನ್ನಿನ ಪ್ಲಗ್ಗು, ಇವು ಕೂಡಿದರೆ ಜೀವಕ್ಕೇ ಅಪಾಯ. ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ಥಿಂಗು, ಸಾಧ್ಯವಾದರೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇವಿಲ್ಲದೆ ಯಂತ್ರವನ್ನು ಮನೆಗೆ ತರಬಾರದು. ಅಲಗು ಕಳಚುವಾಗ, ತೊಳೆಯುವಾಗ ಪ್ಲಗ್ಗು ತೆಗೆದಿರಬೇಕು.

ದುರಸ್ತಿಯ ವಿಷಯದಲ್ಲಿ ಮಿಕ್ಸರೇ ಮೇಲು. ಅದರ ಕಪ್ಲರು, ಕಾರ್ಬನ್ ಬ್ರಷ್, ಜಾರಿನ ಬುಷ್ ಪೇಟೆಯ ಸಣ್ಣ ಅಂಗಡಿಗಳಲ್ಲೂ ದೊರೆಯುತ್ತವೆ. ಪ್ರೊಸೆಸರಿನ ಬೋಗುಣಿ ಬಿರುಕು ಬಿಟ್ಟರೆ ಅದೇ ಕಂಪನಿಯ ಅದೇ ಮಾದರಿಯದೇ ಬೇಕು, ಮಾದರಿ ನಿಂತುಹೋದರೆ ಮೋಟಾರು ಗಟ್ಟಿಯಿದ್ದೂ ಬೋಗುಣಿಯ ಭಾಗ ನಿರುಪಯೋಗಿ. ನಾಲ್ಕು ಜನರ ಮನೆಯಲ್ಲಿ ಎರಡು ಉಳ್ಳಾಗಡ್ಡಿಗಾಗಿ ಬೋಗುಣಿ, ಮುಚ್ಚಳ, ತಟ್ಟೆ, ಅಲಗುಗಳನ್ನು ತೊಳೆದಿಡುವಷ್ಟರಲ್ಲಿ ಈಳಿಗೆಮಣೆಯ ಕೆಲಸವೇ ಮುಗಿದಿರುತ್ತದೆ. ಅಂಥ ಮನೆಗಳಲ್ಲಿ ಇದು ತಿಂಗಳೊಪ್ಪತ್ತಿನಲ್ಲಿ ಅಟ್ಟ ಸೇರುವುದೇ ಹೆಚ್ಚು.

ಹತ್ತು ಜನಕ್ಕಿಂತ ಹೆಚ್ಚು ಊಟ ಮಾಡುವ, ವೋಲ್ಟೇಜು ನಿಲ್ಲುವ ಮನೆಯವರು ಧಾರಾಳವಾಗಿ ಕೊಳ್ಳಬಹುದು. ಉಳಿದವರಿಗೆ ಗಟ್ಟಿ ಮಿಕ್ಸರೊಂದು, ಗ್ರೈಂಡರೊಂದು ಸಾಕು. ಏನನ್ನೇ ಕೊಳ್ಳಲಿ, ಹುಬ್ಬಳ್ಳಿಗೋ ಹಾವೇರಿಗೋ ಹೋಗುವಾಗ ಅದನ್ನು ಬಳಸುವವರನ್ನೂ ಕರೆದೊಯ್ಯಿರಿ. ಪಾವು ಕಡಲೆಬೇಳೆಯನ್ನು ನೆನೆಸಿ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ, ಅಂಗಡಿಯವರು ಒಪ್ಪಿದರೆ ಅಲ್ಲಿಯೇ ಅರೆಸಿ ನೋಡಿರಿ. ಖಾಲಿ ಜಾರು ಎಲ್ಲ ಕಂಪನಿಯದೂ ಚೆನ್ನಾಗಿಯೇ ತಿರುಗುತ್ತದೆ.