ಗೋಬರ್ ಗ್ಯಾಸ್ ಡ್ರಮ್ಮಿಗೂ ಒಂದಿಷ್ಟು ಅಂದ

ನಮ್ಮದು ಸಂಡೂರು ಗುಡ್ಡದ ತಪ್ಪಲಿನ ಖುಷ್ಕಿ ಭೂಮಿ. ಮಳೆ ಬಂದರೆ ಶೇಂಗಾ, ಜೋಳ. ಕಾಲುವೆ ನೀರು ಹೊಸಪೇಟೆ, ಕಂಪ್ಲಿ ಕಡೆಯ ಬಾಳೆ, ಭತ್ತ, ಕಬ್ಬಿಗೆ. ನಮಗೆ ಆಕಾಶವೇ ಕಾಲುವೆ. ಆದರೆ ಐದು ದನ ಇವೆ. ಅದಕ್ಕೇ 1989ರಲ್ಲಿ ಅಪ್ಪ ಹಿತ್ತಲಲ್ಲಿ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಕಟ್ಟಿಸಿದರು. ಖಾದಿ ಆಯೋಗದ ಮಾದರಿ, ಅಂದರೆ ಬಾವಿಯ ಮೇಲೆ ಕಬ್ಬಿಣದ ಡ್ರಮ್ ತೇಲುವಂಥದ್ದು. ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು. ಡ್ರಮ್ ಎರಡು ಸಲ ಬದಲಾಗಿದೆ, ಬಾವಿ ಅದೇ.

ಕೆಲಸಕ್ಕೆ ಚಿನ್ನ, ನೋಡಲು ಮಾತ್ರ ಅಸಹ್ಯ. ಅದರಲ್ಲೂ ಗಣಿ ಲಾರಿಗಳ ಕಾಲದಲ್ಲಿ ಕೆಂಪು ಧೂಳು ಕೂತು, ತುಕ್ಕು ಯಾವುದು ಧೂಳು ಯಾವುದು ತಿಳಿಯುತ್ತಿರಲಿಲ್ಲ. 2008ರಲ್ಲಿ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದಾಗ ನನ್ನ ಮನೆಯವಳು, ‘ಕೈಕಾಲು ತೊಳೆಯೋಕೆ ಹಿತ್ತಲಿಗೇ ಬರ್ತಾರ್ರೀ. ಆ ತುಕ್ಕಿನ ಹಂಡೆ ಕಣ್ಣಿಗೆ ಬೀಳದಂಗೆ ಏನಾರ ಮಾಡ್ರಿ’ ಅಂದಳು.

ನಾನು ಜಾಣತನ ಮಾಡಿದೆ. ಡ್ರಮ್ಮಿನ ಬುಡಕ್ಕೇ ಹೀರೆ ಬೀಜ ಊರಿ, ಬಳ್ಳಿಯನ್ನು ಅದರ ಮೇಲೇ ಹಬ್ಬಿಸಿದೆ. ದಸರಾ ಹೊತ್ತಿಗೆ ಎಲ್ಲ ಹಸಿರು. ಬೀಗರು ಬಂದರು, ಹೀರೇಕಾಯಿ ಹೊಗಳಿದರು, ಸಂಬಂಧ ಕುದುರಿತು.

ಡಿಸೆಂಬರಿನಲ್ಲಿ ಗ್ಯಾಸ್ ಸೊರಗಿತು. ಚಳಿಗೆ ಕಡಿಮೆಯಾಗುವುದು ಸಹಜ ಅಂದುಕೊಂಡು ಸುಮ್ಮನಿದ್ದೆ. ಮದುವೆ ಅಡುಗೆಗೆ ಒಲೆ ತೋಡಲು ಹಿತ್ತಲಲ್ಲೇ ಗುರುತು ಹಾಕಿದ್ದೆವು, ಡ್ರಮ್ಮಿನಿಂದ ಹತ್ತು ಅಡಿ. ಪುಣ್ಯಕ್ಕೆ ಬಾವಿ ಕಟ್ಟಿದ್ದ ಗೌಂಡಿಯೇ ಚಪ್ಪರ ಹಾಕಲು ಬಂದಿದ್ದ. ಮೂಗಿಗೆ ವಾಸನೆ ಬಡಿದು, ಬಳ್ಳಿ ಕಿತ್ತು, ಸೋಪಿನ ನೀರು ಹಚ್ಚಿದ. ಡ್ರಮ್ಮಿನ ನೆತ್ತಿಯ ಮೇಲೆ ಮೂರು ಕಡೆ ಬುಳುಬುಳು ಗುಳ್ಳೆ ಎದ್ದವು. ‘ಇಲ್ಲಿ ಒಲೆ ಹಚ್ಚಿದ್ರೆ ಏನಾಗ್ತಿತ್ತಪ್ಪಾ?’ ಅಂದ. ನನ್ನ ಬಾಯಿ ಒಣಗಿತು. ಒಲೆಯನ್ನು ಮನೆ ಮುಂದಿನ ಬಯಲಿಗೆ ಒಯ್ದೆವು.

ತಪ್ಪು ಎಲ್ಲಿ ಆಯ್ತು ನೋಡಿ. ಗ್ಯಾಸ್ ತುಂಬಿದಾಗ ಡ್ರಮ್ ಏಳಬೇಕು, ಉರಿಸಿದಾಗ ಇಳಿಯಬೇಕು. ಬಳ್ಳಿ ಅದನ್ನು ಕಟ್ಟಿಹಾಕಿತ್ತು. ಮೇಲೆ ಕಟ್ಟುವ ಕೆನೆ ಒಡೆಯಲು ದಿನಾ ಡ್ರಮ್ ತಿರುಗಿಸಬೇಕು. ಬಳ್ಳಿ ಹರಿದೀತೆಂದು ನಾನು ಬಿಟ್ಟಿದ್ದೆ. ಎಲೆಯ ಅಡಿ ತೇವ ನಿಂತು ತಗಡು ತಿಂದಿತು. ಸಗಣಿ ಕೊಳೆಯಲು ಶಾಖ ಬೇಕು, ಆ ಬಿಸಿಲನ್ನೂ ನಾನೇ ತಡೆದಿದ್ದೆ.

ಅಮೆರಿಕದಲ್ಲಿ ಹಿತ್ತಲ ಗ್ಯಾಸ್ ಟ್ಯಾಂಕಿಗೆ ಬಿಳಿ ಅಥವಾ ತಿಳಿ ಬಣ್ಣ ಬಳಿಯುತ್ತಾರೆ. ಅದು ಒತ್ತಡದಲ್ಲಿ ತುಂಬಿದ ಪ್ರೊಪೇನ್, ಕಾದರೆ ಒತ್ತಡ ಏರುತ್ತದೆ. ನಮ್ಮದು ಅದಕ್ಕೆ ತದ್ವಿರುದ್ಧ, ಬಿಸಿಲು ಹೀರಬೇಕು. ಆದ್ದರಿಂದ ಡ್ರಮ್ಮಿಗೆ ಕಪ್ಪು ಬಣ್ಣವೇ ಸರಿ.

ಈಗ ನಾನು ಡ್ರಮ್ ಮುಚ್ಚುವುದಿಲ್ಲ, ಸುತ್ತಲ ಜಾಗ ಚೆಂದ ಮಾಡುತ್ತೇನೆ. ಕಟ್ಟೆಗೆ ಯುಗಾದಿಗೊಮ್ಮೆ ಕೆಮ್ಮಣ್ಣು ಸಾರಿಸಿ ಸುಣ್ಣದ ಪಟ್ಟಿ. ಬಳ್ಳಾರಿ ಜಾಲಿಯ ಮುಳ್ಳು ಸವರಿದ ಗೂಟ ನೆಟ್ಟು, ಕಟ್ಟೆಯಿಂದ ನಾಲ್ಕು ಅಡಿ ಆಚೆ, ಉತ್ತರಕ್ಕೆ ಒಂದು ತಟ್ಟಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಆ ಕಡೆ ತೆರೆದಿರಲಿ. ಹೀರೆ, ಅವರೆ ಏನಿದ್ದರೂ ಆ ತಟ್ಟಿಗೆ. ಒಣಗಿದ ಬಳ್ಳಿಯನ್ನು ಕೂಡಲೇ ಕಿತ್ತುಹಾಕಿ, ಕಿಡಿ ಬಿದ್ದರೆ ಕಷ್ಟ. ಕಟ್ಟೆ ಬುಡಕ್ಕೆ ಚೆಂಡುಹೂ, ತುಳಸಿ, ದೊಡ್ಡಪತ್ರೆ. ಬಚ್ಚಲ ನೀರು ಸಾಕು. ನುಗ್ಗೆ, ಬೇವು ಹತ್ತಿರ ಬೇಡ, ಬೇರು ಗೋಡೆ ಸೀಳುತ್ತದೆ. ಕಣಗಿಲೆ ಹೂ ಚೆಂದವೇ, ಆದರೆ ದನ ಬಾಯಿ ಹಾಕಿದರೆ ವಿಷ.

ಬಣ್ಣ ವರ್ಷಕ್ಕೊಮ್ಮೆ. ಸುತ್ತ ಬೀಡಿ, ಬೆಂಕಿ ಇಲ್ಲದಂತೆ ನೋಡಿಕೊಂಡು ಗ್ಯಾಸ್ ಪೂರ್ತಿ ಬಿಡಿ. ಎಂಟು ಜನ ಸೇರಿ ಹಗ್ಗದಿಂದ ಡ್ರಮ್ ಎತ್ತಿ, ಬಯಲಲ್ಲಿ ಕಲ್ಲಿನ ಮೇಲಿಟ್ಟು, ಒಂದು ದಿನ ಗಾಳಿಗೆ ಬಿಡಿ. ಆಮೇಲೇ ತಂತಿ ಬ್ರಷ್. ಗ್ಯಾಸ್ ಇರುವಾಗ ಉಜ್ಜಿದರೆ ಕಿಡಿ ಹಾರಬಹುದು. ಬಾವಿಯ ಬಾಯಿ ತೆರೆದಿರುವಷ್ಟು ಹೊತ್ತು ಮಕ್ಕಳನ್ನು ಹತ್ತಿರ ಬಿಡಬೇಡಿ, ಯಾರೂ ಒಳಗೆ ಇಳಿಯಬೇಡಿ.

ಕಪ್ಪು ಒಣಗಿದ ಮೇಲೆ ಕಿರಿಮಗಳು ಬಿಳಿ ಪೇಂಟಿನಲ್ಲಿ ನೆತ್ತಿಯ ಮೇಲೆ ಚುಕ್ಕಿ ರಂಗೋಲಿ, ಸುತ್ತ ಮೂರು ಸಾಲು ಎಳೆ ಬಿಡಿಸಿದಳು. ಕರಿಕಲ್ಲಿನ ಮೇಲೆ ಬರೆದಂತೆ ಕಾಣುತ್ತದೆ. ಅಂದಕ್ಕೆಂದು ಬರೆದ ಗೆರೆ ಅಳತೆಗೂ ಬಂತು. ಮೂರು ಗೆರೆಯೂ ಮೇಲೆ ಕಂಡರೆ ಎರಡು ಹೊತ್ತಿನ ಅಡುಗೆಗೆ ಚಿಂತೆಯಿಲ್ಲ, ಒಂದೇ ಕಂಡರೆ ಚಹಾಕ್ಕಷ್ಟೇ. ಗ್ಯಾಸ್ ಉರಿಸದೇ ಇದ್ದರೂ ಗೆರೆ ಇಳಿಯುತ್ತಿದ್ದರೆ ಸೋಪಿನ ನೀರು ತರುತ್ತೇವೆ.

ನಿಮ್ಮಲ್ಲಿ ದೀನಬಂಧು ಮಾದರಿ ಇದ್ದರೆ ಗುಮ್ಮಟ ಮಣ್ಣಿನಡಿ ಇರುವುದರಿಂದ ಈ ತಾಪತ್ರಯ ಕಡಿಮೆ, ಮೇಲೆ ಹೂಗಿಡ ಹಾಕಬಹುದು, ಮರ ಮಾತ್ರ ಬೇಡ. ಬಗ್ಗಡದ ಗುಂಡಿಗೆ ಮೇಲೆ ಶೇಂಗಾ ಹೊಟ್ಟು ಹರಡಿ. ಸೊಳ್ಳೆ ಕಡಿಮೆ, ಗೊಬ್ಬರವೂ ಒಣಗಿ ಹಾಳಾಗುವುದಿಲ್ಲ.