ಬೇಸಿಗೆಯಲ್ಲಿ ನಿಂತ ಧರೆ

ಚಿಕ್ಕಮಗಳೂರಿನಿಂದ ಮುತ್ತೋಡಿ ಕಾಡಿನತ್ತ ಹೋಗುವವರಿಗೆ ಮಲ್ಲಂದೂರು ದಾರಿಯಲ್ಲೇ ಸಿಗುತ್ತದೆ. ಇಂಥ ಕಡೆ ಮನೆಯೋ ಹೋಂಸ್ಟೇಯೋ ಕಟ್ಟಬೇಕೆಂದರೆ ಮೊದಲು ಗುಡ್ಡ ಕಡಿಯಬೇಕು. ಕಾಫಿ ಕೊಯ್ಲು ಮುಗಿದ ಮೇಲೆ ಜೆಸಿಬಿ ಬಂದು ಎರಡಾಳೆತ್ತರದ ಧರೆಯನ್ನು ನೆಟ್ಟಗೆ ಕತ್ತರಿಸುತ್ತದೆ. ಒಂದು ಹೆಂಟೆಯೂ ಉದುರುವುದಿಲ್ಲ. ಗಟ್ಟಿ ಮಣ್ಣು ಎಂದು ಎಲ್ಲರೂ ಒಪ್ಪಿಬಿಡುತ್ತಾರೆ.

ಆ ಗಟ್ಟಿತನದಲ್ಲಿ ದೊಡ್ಡ ಪಾಲು ಒಳಗಿನ ಅರೆಬರೆ ತೇವದ್ದು. ಕಣಗಳ ಸಂದಿನಲ್ಲಿ ನೀರು, ಗಾಳಿ ಎರಡೂ ಇದ್ದಾಗ ನೀರಿನ ತೆಳುಪೊರೆ ಕಣಗಳನ್ನು ಎಳೆದು ಹಿಡಿಯುತ್ತದೆ. ಮಲ್ಪೆಯ ಕಡಲತೀರದಲ್ಲಿ ಮಕ್ಕಳು ಕಟ್ಟುವ ಮರಳಿನ ಮನೆ ನಿಲ್ಲುವುದೂ ಇದೇ ಹಿಡಿತದಿಂದ. ಅಲೆ ಬಂದು ಪೂರ್ತಿ ನೆನೆಸಿದರೆ ಮುಗಿಯಿತು. ಮಾರ್ಚಿನಲ್ಲಿ ಧರೆ ಹೇಳಿದ ಸಾಕ್ಷಿಯನ್ನು ಜುಲೈಗೆ ನಂಬುವಂತಿಲ್ಲ.

ಮಳೆಯಲ್ಲಿ ಈ ಹಿಡಿತ ಹೋಗುತ್ತದೆ. ಅದರ ಮೇಲೆ ಇನ್ನೊಂದು ಪೆಟ್ಟು. ನೀರು ಕುಡಿದು ಮಣ್ಣು ಭಾರವಾಗಿ ಜಾರುತ್ತದೆ ಎನ್ನುತ್ತೇವಲ್ಲ, ಅದು ಅರ್ಧ ಸತ್ಯ. ಕಣಕ್ಕೆ ಕಣ ಒತ್ತಿ ನಿಂತಿರುವುದರಿಂದಲೇ ಮಣ್ಣಿಗೆ ಘರ್ಷಣೆಯ ಬಲ. ಸಂದು ತುಂಬಿದ ನೀರು ಒತ್ತಡ ಪಡೆದು ಮೇಲಿನ ಭಾರದ ಒಂದು ಪಾಲನ್ನು ತಾನೇ ಹೊರತೊಡಗಿದರೆ ಕಣಗಳ ನಡುವಿನ ಒತ್ತು ಸಡಿಲವಾಗುತ್ತದೆ. ಈ ಲೆಕ್ಕವನ್ನು ಕಟ್ಟಿಕೊಟ್ಟವರು ಕಾರ್ಲ್ ಟೆರ್ಜಾಗಿ. 1925ರಲ್ಲಿ ವಿಯೆನ್ನಾದಲ್ಲಿ ಅಚ್ಚಾದ ಅವರ ಪುಸ್ತಕದಿಂದಲೇ ಮಣ್ಣು ಎಂಜಿನಿಯರಿಂಗ್‌ನ ಒಂದು ಶಾಸ್ತ್ರವಾಯಿತು ಎನ್ನಬಹುದು.

ಮಲೆನಾಡಿನಲ್ಲಿ ಯುಗಯುಗಗಳ ಮಳೆಗೆ ಬಂಡೆಯೇ ಕೊಳೆತು ಆಳದವರೆಗೆ ಮಣ್ಣಾಗಿದೆ. ಇಂಗಿದ ನೀರು ಕೆಳಗಿನ ಗಟ್ಟಿ ಬಂಡೆಯ ಮೇಲೆ ತಂಗುತ್ತದೆ, ದಾರಿ ಸಿಕ್ಕಲ್ಲಿ ಜಲ ಒಡೆಯುತ್ತದೆ. ಜಾರುವ ಪದರ ಬೇರಿಗಿಂತ ಆಳದಲ್ಲಿದ್ದರೆ ಕಾಫಿ ಗಿಡ, ನೆರಳಿನ ಮರ ಎಲ್ಲವೂ ಮಣ್ಣಿನ ಜೊತೆಗೇ ಇಳಿದು ಬರುತ್ತವೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಜನ ಗುಡ್ಡ ಜರಿಯುವುದನ್ನು ಕಂಡರು; ಚಾರ್ಮಾಡಿ ಘಾಟಿಯೂ ಆಗ ಮುಚ್ಚಿತು. ಅದಕ್ಕೆ ಮೂಲ ಕಾರಣ ಕೆಲವೇ ದಿನಗಳಲ್ಲಿ ಸುರಿದ ವಿಪರೀತ ಮಳೆ. ಆದರೆ ಇಳಿಜಾರಿನ ಬುಡ ಕಡಿಯುವುದೆಂದರೆ ಮೇಲಿನ ಮಣ್ಣಿಗೆ ಆಸರೆಯಾಗಿದ್ದುದನ್ನು ನಾವೇ ಕಿತ್ತಂತೆ.

ತಡೆಗೋಡೆ ಕಟ್ಟಿದರಾಯಿತಲ್ಲ? ಮೂರು ಮೀಟರ್ ಎತ್ತರದ ಗೋಡೆಯನ್ನು ನೀರಿಳಿದ ಸಾಧಾರಣ ಮಣ್ಣು ಒಂದು ಮೀಟರ್ ಉದ್ದಕ್ಕೆ ಸುಮಾರು ಎರಡೂವರೆಯಿಂದ ಮೂರು ಟನ್ ಬಲದಿಂದ ತಳ್ಳುತ್ತದೆ. ಹಿಂದೆ ನೀರು ತುದಿಯವರೆಗೆ ನಿಂತರೆ ನೀರಿನದೇ ನಾಲ್ಕೂವರೆ ಟನ್. ಮಣ್ಣಿನದೂ ಸೇರಿ ಒಟ್ಟು ಇಮ್ಮಡಿಗೂ ಹೆಚ್ಚು. ಅಂದರೆ ಸಿಮೆಂಟಿಗಿಂತ ಮುಖ್ಯವಾದದ್ದು ಗೋಡೆಯಲ್ಲಿ ಬಿಡುವ ಪೈಪಿನ ತೂತು, ಹಿಂದೆ ತುಂಬುವ ಜಲ್ಲಿ. ಚಂದ ಕಾಣುವುದಿಲ್ಲವೆಂದು ತೂತನ್ನೇ ಇಡದೆ ಗಿಲಾಯಿ ಮಾಡಿಸಿದ ಗೋಡೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ ಜಾಗ ಹಿಗ್ಗಿಸುವುದು ಇನ್ನೊಂದು ಅಭ್ಯಾಸ. ಅರ್ಧ ಪಾಯ ಹಳೆಯ ನೆಲದಲ್ಲಿ, ಅರ್ಧ ಹೊಸ ಮಣ್ಣಿನಲ್ಲಿ ಕೂತರೆ ಎರಡೂ ಒಂದೇ ಸಮ ಕುಗ್ಗುವುದಿಲ್ಲ, ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಪಾಯವನ್ನು ಎರಡೂ ಕಡೆ ಹಳೆಯ ನೆಲಕ್ಕೇ ಇಳಿಸಬೇಕು.

ಮಳೆಗಾಲದಲ್ಲಿ ತಡೆಗೋಡೆಯ ಪೈಪಿನಿಂದ ತಿಳಿನೀರು ಸುರಿಯುತ್ತಿದ್ದರೆ ಒಳ್ಳೆಯದು. ಅದು ಕೆಂಪಗಾದರೆ ನೀರು ಒಳಗಿನ ಮಣ್ಣನ್ನೂ ಕೊಂಡೊಯ್ಯುತ್ತಿದೆ. ಜೋರು ಮಳೆಯ ನಡುವೆಯೇ ಹರಿವು ನಿಂತರೆ ಪೈಪು ಕಟ್ಟಿಕೊಂಡಿರಬಹುದು, ನೀರು ಗೋಡೆಯ ಹಿಂದೆ ಏರುತ್ತಿರಬಹುದು. ಆಗ ಗೋಡೆಯ ಬುಡದಲ್ಲಿ ಯಾರೂ ನಿಲ್ಲಬಾರದು.