ನೀನಾರು, ನಿನ್ನಿಂದೇನಾದೀತು?

ಕಮಲಾಪುರದ ನಮ್ಮ ಪ್ರೌಢಶಾಲೆಯ ಗಣಕಯಂತ್ರ ಒಂದು ಬೆಳಿಗ್ಗೆ ನೀಲಿ ಪರದೆ ತೋರಿ ನಿಂತುಬಿಟ್ಟಿತು. ಹತ್ತನೆಯ ತರಗತಿಯ ಆಂತರಿಕ ಅಂಕಗಳೆಲ್ಲ ಅದರ ಡಿಸ್ಕಿನಲ್ಲಿದ್ದವು. ಬೇರೆ ಪ್ರತಿ ಇರಲಿಲ್ಲ. ಬಸ್ಸಿನಲ್ಲಿ ಕಲಬುರಗಿಗೆ ಹೊತ್ತೊಯ್ದೆ. ರಿಪೇರಿಯವನು ನೋಡಿ, "ಡಿಸ್ಕ್ ಹೋಗ್ಯದರಿ ಸರ, ಹೊಸಾದು ಹಾಕಿಸ್ರಿ" ಎಂದ. ಡಿಸ್ಕ್ ಹೋಗಿರಲಿಲ್ಲ. ಆದದ್ದೇನೆಂದು ತಿಳಿಯಲು, ತಂತ್ರಾಂಶವು ಡಿಸ್ಕಿನ ನಿಯಂತ್ರಕವನ್ನು ಗುರುತಿಸುವ ಬಗೆಯನ್ನು ಮೊದಲು ಅರಿಯಬೇಕು.

ತಂತ್ರಾಂಶವು ಡಿಸ್ಕಿನೊಡನೆ ನೇರವಾಗಿ ಮಾತನಾಡುವುದಿಲ್ಲ. ನಡುವೆ ನಿಯಂತ್ರಕ, ಅಂದರೆ ಕಂಟ್ರೋಲರ್ ಎಂಬ ಚಿಪ್ಪು, ಉಗ್ರಾಣದ ಬಾಗಿಲಲ್ಲಿ ಕುಳಿತ ಪಾರುಪತ್ಯಗಾರನಂತೆ ಇರುತ್ತದೆ. ನಾವು ರೇಡಿಯೋದ ಮುಳ್ಳು ತಿರುಗಿಸುತ್ತ ನಿಲಯ ಹುಡುಕುವಂತೆ, ಯಂತ್ರ ಎಚ್ಚೆತ್ತೊಡನೆ ತಂತ್ರಾಂಶವು ಪಿಸಿಐ ಎಂಬ ಬೀದಿಯ ಮನೆಮನೆಯ ಕದ ತಟ್ಟುತ್ತದೆ. ಯಾರೂ ಇಲ್ಲದ ಮನೆಯಿಂದ ಬರುವ ಉತ್ತರ 65,535. ಈ ಸಂಖ್ಯೆಯನ್ನು ಯಾವ ತಯಾರಕನಿಗೂ ಕೊಟ್ಟಿಲ್ಲ.

ಇದ್ದವರು ಮೊದಲು ತಯಾರಕನ ಸಂಖ್ಯೆ, ಮಾದರಿಯ ಸಂಖ್ಯೆ ಹೇಳುತ್ತಾರೆ. ಹದಿನಾರರ ಲೆಕ್ಕದಲ್ಲಿ 8086 ಎಂದರೆ ಇಂಟೆಲ್. ಆ ಸಂಸ್ಥೆ 1978ರಲ್ಲಿ ಹೊರತಂದ ಪ್ರಸಿದ್ಧ ಚಿಪ್ಪಿನ ಹೆಸರೂ ಅದೇ. ಇವು ನಮ್ಮ ವ್ಯಾಕರಣದ ಅಂಕಿತನಾಮಗಳಂತೆ: ಹೆಸರು ತಿಳಿಯಿತು, ಕಸುಬು ತಿಳಿಯಲಿಲ್ಲ. ಕಸುಬು ಹೇಳುವ ಅನ್ವರ್ಥನಾಮ ಬೇರೆಯೇ ಇದೆ. ಅದರ ಮೊದಲ ಅಂಕಿ 01 ಆದರೆ ಸಂಗ್ರಹದ ಕೆಲಸದವನು. ಎರಡನೆಯದು 01 ಆದರೆ ಹಳೆಯ ಐಡಿಇ ಪದ್ಧತಿ, 06 ಆದರೆ ಸಾಟಾ, 08 ಆದರೆ ಈಚಿನ ಎನ್‌ವಿಎಂ. ಮೂರನೆಯ ಅಂಕಿ ಯಾವ ಭಾಷೆಯಲ್ಲಿ ಮಾತನಾಡಿಸಬೇಕೆಂಬುದನ್ನು ಹೇಳುತ್ತದೆ. ಸಾಟಾದವನು 01 ಎಂದರೆ ಎಎಚ್‌ಸಿಐ ಭಾಷೆ. ಹಾಗಾಗಿ ಎಂದೂ ಕಾಣದ ಕಂಪನಿಯ ಚಿಪ್ಪನ್ನೂ ತಂತ್ರಾಂಶ ಮಾತನಾಡಿಸಬಲ್ಲದು.

ನಮ್ಮಲ್ಲಿ ಎಡವಟ್ಟಾದದ್ದು ಇಲ್ಲಿಯೇ. ಕೆಲವು ಯಂತ್ರಗಳಲ್ಲಿ ಒಂದೇ ಚಿಪ್ಪು ಐಡಿಇ ವೇಷವನ್ನೂ ಹಾಕಬಲ್ಲದು, ಎಎಚ್‌ಸಿಐ ವೇಷವನ್ನೂ ಹಾಕಬಲ್ಲದು. ಯಾವುದೆಂಬ ಆಯ್ಕೆ ನೆನಪಿನಲ್ಲಿ ಉಳಿಯುವುದು ನಾಣ್ಯದಂಥ ಪುಟ್ಟ ಸೆಲ್ಲಿನ ಬಲದಿಂದ. ಸೆಲ್ ಮುಗಿದಿತ್ತು, ಚಿಪ್ಪು ತನ್ನನ್ನು ಐಡಿಇ ಎಂದು ಹೇಳಿಕೊಂಡಿತು, ಎಎಚ್‌ಸಿಐ ಭಾಷೆಗೆ ಸಿದ್ಧವಾಗಿದ್ದ ತಂತ್ರಾಂಶ ದಿಕ್ಕುಗೆಟ್ಟಿತು. ನನ್ನ ಹಳೆಯ ಶಿಷ್ಯನೊಬ್ಬ ಬಂದು ಸೆಲ್ ಬದಲಿಸಿ, ಆಯ್ಕೆಯನ್ನು ಮೊದಲಿನಂತಿಟ್ಟ. "ಡಿಸ್ಕ್ ಛಲೋ ಅದರಿ ಸರ" ಎಂದ. ನನಗೋ ಹೋದ ಜೀವ ಬಂದಂತಾಯಿತು.

ಕಸುಬು ತಿಳಿದರೆ ಸಾಲದು, ಸಾಮರ್ಥ್ಯವನ್ನೂ ಕೇಳಬೇಕು. ಎಎಚ್‌ಸಿಐ ನಿಯಂತ್ರಕದಲ್ಲಿ ಅದಕ್ಕೆಂದೇ 32 ಬಿಟ್ಟುಗಳ ಒಂದು ಫಲಕವಿದೆ: ಡಿಸ್ಕುಗಳಿಗೆ ಎಷ್ಟು ದ್ವಾರ, ಒಮ್ಮೆಗೆ ಎಷ್ಟು ಆಜ್ಞೆಗಳ ಸಾಲು (ಎರಡಕ್ಕೂ ಮೇಲ್ಮಿತಿ 32) ಎಂಬುದೆಲ್ಲ ಅಲ್ಲಿದೆ. ಬಳಿಕ ಡಿಸ್ಕಿನ ಸರದಿ. "ನಿನ್ನ ಪರಿಚಯ ಹೇಳು" ಎಂಬ ಆಜ್ಞೆಗೆ ಸಾಟಾ ಡಿಸ್ಕು 512 ಬೈಟುಗಳ ಓಲೆ ಕೊಡುತ್ತದೆ. ಅದರಲ್ಲಿ ಮಾದರಿಯ ಹೆಸರಿನ 40 ಅಕ್ಷರಗಳು ಎರಡೆರಡಾಗಿ ಅದಲುಬದಲಾಗಿರುತ್ತವೆ! ನಮ್ಮೂರ ಕೆಂಪುಬಾಳೆಯನ್ನು 'ಪುಕೆಂಳೆಬಾ' ಎಂದು ಬರೆದಂತೆ. ಪಂಡಿತನ ಕಿವಿಗೆ ಕರ್ಕಶವಾದರೂ ತಂತ್ರಾಂಶ ಮರಳಿ ಜೋಡಿಸಿ ಓದುತ್ತದೆ.

ಅದೇ ಓಲೆಯ ಒಂದು ಬಿಟ್ಟು, 48 ಬಿಟ್ಟಿನ ವಿಳಾಸ ತಿಳಿಯುವುದೋ ಇಲ್ಲವೋ ಎಂಬುದನ್ನು ಹೇಳುತ್ತದೆ. ಹಳೆಯ 28 ಬಿಟ್ಟಿನ ವಿಳಾಸ ಸುಮಾರು 137 ಗಿಗಾಬೈಟಿಗೆ ಮುಗಿಯುತ್ತದೆ. ಕೇಳದೆ ಊಹಿಸಿ ಬರೆಯುವ ತಂತ್ರಾಂಶವಿದ್ದರೆ, ಮಿತಿ ಮೀರಿದ ವಿಳಾಸ ಸುತ್ತಿ ಬಂದು ಡಿಸ್ಕಿನ ಆರಂಭದ ಬರಹವನ್ನೇ ಅಳಿಸುವ ಅಪಾಯವುಂಟು. ನಮ್ಮ ಶಾಲೆಯ ಡಿಸ್ಕು 500 ಗಿಗಾಬೈಟಿನದು. ಅಂಕಪಟ್ಟಿ ಅದರ ಯಾವ ಮೂಲೆಯಲ್ಲಿತ್ತೋ ನಾನರಿಯೆ. ಈಗ ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇದೆ.